ಶಂಡಗಿ ತೊಯ್ದ ಕಥೆ

ಓದುಗರ ಪ್ರಶ್ನೆಗಳಿಗೆ ಕೊಪ್ಪಳದಿಂದ ಕಥೆಗಾರರೊಬ್ಬರ ಉತ್ತರ

ಪ್ರಶ್ನೆ: ಕಥೆ ಬರೆಯುವ ಆಸೆ ಇದೆ ಸರ್. ಆದರೆ ನನ್ನ ಮಾತು ಪಕ್ಕಾ ನಮ್ಮೂರಿನದು. ನಡುವೆ ಉರ್ದು ಪದಗಳೂ ಜಾಸ್ತಿ. ಮೊದಲು ಪುಸ್ತಕದ ಕನ್ನಡ ಕಲಿಯಬೇಕಾ?
– ಓದುಗರೊಬ್ಬರು, ಯಲಬುರ್ಗಾ

ಉತ್ತರ: ನನ್ನ ಮೊದಲ ಕಥೆ ನೆನಪಾಯಿತು. ಅದರಲ್ಲಿ ತಾಯಿಯೊಬ್ಬಳು ಮಾಳಿಗೆ ಮೇಲೆ ಶಂಡಗಿ ಒಣಹಾಕಿರುತ್ತಾಳೆ. ಮೋಡ ಕವಿಯುತ್ತದೆ. ಆಗ ಆಕೆ, 'ಮಗಳೇ, ಮಳೆ ಬರುವಂತಿದೆ. ಸಂಡಿಗೆಗಳನ್ನು ಬೇಗನೆ ಒಳಗೆ ತೆಗೆದುಕೊಂಡು ಬಾ' ಅನ್ನುತ್ತಾಳೆ. ರೊಟ್ಟಿ ಬಡಿಯುತ್ತಿದ್ದ ಅಕ್ಕನ ಮುಂದೆ ಕೂತು ಹೆಮ್ಮೆಯಿಂದ ಓದಿದೆ. ಅಕ್ಕ ಕೈ ನಿಲ್ಲಿಸದೇ ಅಂದಳು: 'ಆಕಿ ಇಷ್ಟು ಹೇಳೂದ್ರಾಗ ಶಂಡಗಿ ಎಲ್ಲಾ ತೊಯ್ದು ಹೋದ್ವಲ್ಲೋ ತಮ್ಮಾ.'

ಆ ಸಾಲು ಹೊಡೆದುಹಾಕಿ 'ಮಳಿ ಬಂತು, ಶಂಡಗಿ ತಗೀ!' ಅಂತ ಬರೆದೆ. 'ಹಾಂ, ಈಗ ನಮ್ಮವ್ವ' ಅಂದಳು.

ಇನ್ನು ನಮ್ಮ ಮಾತು ಶುದ್ಧ ಅಲ್ಲ ಅನ್ನೋ ಕೊರಗು. ಒಂಬತ್ತನೇ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ, ಅಂದರೆ ಅಪ್ಪಟ ಕನ್ನಡದ, ನಾಡು ಯಾವುದು ಎಂದು ಹೇಳುವಾಗ ಕಿಸುವೊಳಲ್, ಪುಲಿಗೆರೆ, ಒಂಕುಂದಗಳ ಜೊತೆ ಕೊಪಣವನ್ನೂ ಎಣಿಸುತ್ತದೆ. ಕೊಪಣ ಅಂದರೆ ಈ ನಮ್ಮ ಕೊಪ್ಪಳವೇ. ಆಮೇಲೆ 1948ರವರೆಗೆ ನಿಜಾಮರ ಆಡಳಿತ. ಕಚೇರಿಯಲ್ಲೂ ಉರ್ದು, ಸಾಲಿಯಲ್ಲೂ ಉರ್ದು. ಆ ಪದಗಳು ಬಂದವು, ಮನೆಯವೇ ಆದವು. ನಮ್ಮಜ್ಜಿ ಕೊನೆಗಾಲದಲ್ಲಿ 'ದವಾಖಾನಿಗೆ ಒಯ್ಯಬ್ಯಾಡ್ರಿ' ಅನ್ನುತ್ತಿದ್ದಳು. ಅದನ್ನು ಆಸ್ಪತ್ರೆ ಅಂತ ತಿದ್ದಿದರೆ ಆಕೆಯ ಹೆದರಿಕೆ ಉಳಿಯುತ್ತದಾ?

ಹಾಗಂತ ಸಾಲಿಗೊಂದು 'ಹಿಂಗ', 'ಹಂಗ' ಉದುರಿಸಬೇಡಿ. ಜಾತ್ರೆಯಲ್ಲಿ ಬಾಡಿಗೆ ಪಟಗ ಸುತ್ತಿಕೊಂಡು ಫೋಟೋ ತೆಗೆಸಿಕೊಂಡ ಹಾಗೆ ಕಾಣುತ್ತದೆ. ನಾನಂತೂ ನಿರೂಪಣೆಯನ್ನು ಪತ್ರಿಕೆಯ ಕನ್ನಡದಲ್ಲೇ ಬರೆಯುತ್ತೇನೆ. ಮಾತು ಮಾತ್ರ ಆಡುವವರದ್ದು.

ಪ್ರಶ್ನೆ: ಕಾದಂಬರಿ ಶುರುಮಾಡಿ ಹದಿನೈದನೇ ಪುಟಕ್ಕೆ ನಿಂತುಬಿಡುತ್ತೇನೆ. ನೀವೆಲ್ಲ ಹೇಗೆ ಮುಗಿಸುತ್ತೀರಿ?
– ಓದುಗರೊಬ್ಬರು, ಕಾರಟಗಿ

ಉತ್ತರ: ಮುಗಿಸದೇ ಬಿಟ್ಟ ನೋಟುಬುಕ್ಕು ನನ್ನ ಕಪಾಟಿನಲ್ಲೂ ಆರಿವೆ! ಬಳ್ಳಾರಿ ಸೀಮೆಯ ಬುರ್ರಕಥಾ ಕಲಾವಿದೆ ದರೋಜಿ ಈರಮ್ಮ ಗೊತ್ತಲ್ವಾ? 2014ರಲ್ಲಿ ತೀರಿಕೊಂಡರು. ಓದು ಬರಹ ಬಾರದ ಆ ತಾಯಿ ಕುಮಾರರಾಮನ ಕಾವ್ಯದಂಥ ದೊಡ್ಡ ದೊಡ್ಡ ಕಥೆಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಕುಮಾರರಾಮ ಬೇರೆ ಯಾರೂ ಅಲ್ಲ, ನಿಮ್ಮ ಗಂಗಾವತಿ ಕಡೆಯ ಕುಮ್ಮಟದುರ್ಗದವನು. ಬುರ್ರಕಥೆಯಲ್ಲಿ ಜೊತೆಯವರು ದನಿಗೂಡಿಸುತ್ತಾರೆ, ಎದುರಿಗೆ ಜನ ಕೂತಿರುತ್ತಾರೆ. ಕಥೆ ಸಪ್ಪೆಯಾದರೆ ಅಲ್ಲೇ ಗೊತ್ತಾಗುತ್ತದೆ. ನಮಗೆ ಎದುರಿಗಿರೋದು ಬರೀ ಗೋಡೆ.

ಅದಕ್ಕೇ ನಿಂತಾಗ ನಾನು ಬರೆಯೋದಿಲ್ಲ, ಹೇಳುತ್ತೇನೆ. ಒಮ್ಮೆ ಇಪ್ಪತ್ತೆರಡನೇ ಪುಟಕ್ಕೆ ಗಾಡಿ ಹೂತುಕೊಂಡಿತ್ತು. ಅಕ್ಕನ ಮಗನಿಗೆ ಚಹಾ ಕುಡಿಸುತ್ತಾ ಅಲ್ಲಿವರೆಗಿನ ಕಥೆ ಹೇಳಿದೆ. ಎಲ್ಲ ಕೇಳಿ ಆತ ಅಂದ: 'ಮಾಮಾ, ಆ ಸೈಕಲ್ ಏನಾತು?' ಮೂರನೇ ಪುಟದಲ್ಲಿ ಅಪ್ಪ ಒತ್ತೆ ಇಟ್ಟ ಸೈಕಲ್ಲು. ನಾನೇ ಮರೆತಿದ್ದೆ! ಅದನ್ನು ಬಿಡಿಸಿಕೊಳ್ಳಲು ಮಗ ಹೊರಟ, ಕಥೆಯೂ ಅವನ ಹಿಂದೆ ಹೊರಟಿತು. ನೀವೂ ಹದಿನೈದನೇ ಪುಟ ಬಿಟ್ಟು ಮೊದಲ ಐದು ಪುಟ ಹುಡುಕಿ ನೋಡಿ.

ಪ್ರಶ್ನೆ: ಸಂಬಂಧಿಕರ ಜಗಳ ಕಥೆಯಾಗಿ ಬರೆದಿದ್ದೇನೆ. ಹೆಸರು ಬದಲಿಸಿದರೆ ಸಾಕಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಸಾಲದು. ನಾನು ಹೆಸರು, ಊರು, ಬೀಗತನ ಎಲ್ಲ ಬದಲಿಸಿದ್ದೆ. ಒಂದು ಕೋಡು ಮುರಿದ ಎಮ್ಮೆಯನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಸೋದರತ್ತೆ ಎಮ್ಮೆಯ ಗುರುತು ಹಿಡಿದರು. ಎರಡು ದೀಪಾವಳಿ ನಮ್ಮ ಮನೆಗೆ ಬರಲಿಲ್ಲ.