ಹಳೆ ಬ್ಯಾಂಡ್ ಸಾ ಎಬ್ಬಿಸುವುದು: ಮೊದಲು ಬೇರಿಂಗ್, ಕೊನೆಗೆ ಬಣ್ಣ

ಗಂಗಾವತಿಯ ಮುಚ್ಚಿದ ಸಾಮಿಲ್‌ನಿಂದ ಗುಜರಿ ತೂಕಕ್ಕೆ ತಂದ ಬೀಡುಕಬ್ಬಿಣದ ಬ್ಯಾಂಡ್ ಸಾ (ಎರಡು ಚಕ್ರಗಳ ಮೇಲೆ ಸುತ್ತುವ ಪಟ್ಟಿ ಗರಗಸ), 30 ಇಂಚಿನ ಚಕ್ರ, ವೈಟ್ ಮೆಟಲ್ ಬೇರಿಂಗ್ (ಕರಗಿಸಿ ಎರೆದ ಮೆತ್ತನೆ ಲೋಹದ್ದು), ಚಪ್ಪಟೆ ಪಟ್ಟಾದ ಪುಲ್ಲಿ. ಕಿನ್ನಾಳದ ಗೊಂಬೆ ಕೆಲಸಕ್ಕೆ ಹಗುರ ಮರ ಕೊಯ್ಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ತುಕ್ಕು ಕೆರೆಯುವುದರಿಂದಂತೂ ಬೇಡ. ಯಂತ್ರ ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಚಕ್ರ ಮತ್ತು ಬೇರಿಂಗ್ ಹೇಳುತ್ತವೆ. ಅವೆರಡು ಪಾಸಾಗುವ ತನಕ ಬಣ್ಣಕ್ಕೆ ಒಂದು ರೂಪಾಯಿಯೂ ಹಾಕಬೇಡಿ.

ಚಕ್ರಗಳನ್ನು ಬಿಚ್ಚಿ ಹಗ್ಗಕ್ಕೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ದನಿ ಬಂದರೆ ಸರಿ, ಒಡೆದ ಮಡಕೆಯ ದನಿ ಬಂದರೆ ಎಲ್ಲೋ ಬಿರುಕಿದೆ. ಕಡ್ಡಿಗಳು ರಿಮ್ಮಿಗೆ ಸೇರುವ ಜಾಗಕ್ಕೆ ಡೀಸೆಲ್ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗಿನ ಡೀಸೆಲ್ ಹೊರಬಂದು ಕಪ್ಪು ಗೆರೆ ಮೂಡುತ್ತದೆ. ಮೇಜಿನ ಬಿರುಕನ್ನು ಬ್ರೇಜಿಂಗ್ ಮಾಡಿಸಬಹುದು. ಚಕ್ರದ್ದಾದರೆ ಯಾರು ಏನೇ ಹೇಳಲಿ, ಆ ಚಕ್ರ ಗುಜರಿಗೇ. ನಿಮಿಷಕ್ಕೆ 600 ಸುತ್ತಿನಲ್ಲಿ ಅದರ ಅಂಚು ಸೆಕೆಂಡಿಗೆ ಸುಮಾರು 24 ಮೀಟರ್ ಓಡುತ್ತಿರುತ್ತದೆ.

ಇನ್ನು ಬೇರಿಂಗ್. ಮೇಲಿನ ಕ್ಯಾಪ್ ಬಿಚ್ಚುವಾಗ ನಡುವೆ ಸಡಿಲ ಹೊಂದಿಸಲು ಇಟ್ಟ ತೆಳು ಹಿತ್ತಾಳೆ ತಗಡು, ಅಂದರೆ ಶಿಮ್‌ಗಳು ಸಿಗುತ್ತವೆ. ಎಡದ್ದೆಷ್ಟು, ಬಲದ್ದೆಷ್ಟು ಅಂತ ಬೇರೆ ಬೇರೆ ಪೊಟ್ಟಣ ಕಟ್ಟಿ ಬರೆದಿಡಿ. ನಮ್ಮ ಕಡೆಯ ಕೆಂಪು ಧೂಳು ಹಳೆ ಎಣ್ಣೆಯ ಜತೆ ಕೂಡಿದರೆ ಅರೆಯುವ ಪೇಸ್ಟ್ ಇದ್ದ ಹಾಗೆ, ಅದನ್ನು ಪೂರ್ತಿ ತೊಳೆಯದೆ ಶಾಫ್ಟ್ ತಿರುಗಿಸಬೇಡಿ. ಆಮೇಲೆ ಸಡಿಲ ಅಳೆಯುವ ಡಯಲ್ ಗೇಜ್ ಇಟ್ಟು ಶಾಫ್ಟನ್ನು ಸನ್ನೆಕೋಲಿನಿಂದ ಎತ್ತಿ ನೋಡಿ. ಒಂದೂವರೆ ಇಂಚಿನ ಶಾಫ್ಟಿಗೆ 2 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಸಡಿಲ ಸಾಕು. 5 ಥೌ ತನಕ ಇದ್ದರೆ ಎರಡೂ ಬದಿಯಿಂದ ಸಮನಾಗಿ ಶಿಮ್ ತೆಗೆದು ಸರಿಮಾಡಬಹುದು. ಅದಕ್ಕೂ ಹೆಚ್ಚಿದ್ದರೆ, ಇಲ್ಲವೇ ಮೆಟಲ್ ಪದರ ಕಿತ್ತು ಬಂದಿದ್ದರೆ, ವೈಟ್ ಮೆಟಲ್ ಕರಗಿಸಿ ಹೊಸದಾಗಿ ಎರೆಯಲೇಬೇಕು.

ಎರೆಯುವ ಮೊದಲು ಶಾಫ್ಟಿನಲ್ಲಿ ಗೀರಿದ್ದರೆ ಲೇತಿನಲ್ಲಿ ನುಣುಪು ಮಾಡಿಸಿ. ಗಂಗಾವತಿ, ಕಾರಟಗಿಯಲ್ಲಿ ಅಕ್ಕಿ ಗಿರಣಿಗಳಿಗೆ ಕೆಲಸ ಮಾಡುವ ಲೇತಿನವರಿಗೆ ಇದು ದಿನದ ಕೆಲಸ. ಶಾಫ್ಟಿಗೆ ಚಿಮಣಿ ದೀಪದ ಮಸಿ ಹಿಡಿಸಿದರೆ ಮೆಟಲ್ ಅಂಟುವುದಿಲ್ಲ. ಬೇರಿಂಗ್ ಕೂರುವ ಬ್ಲಾಕ್, ಶಾಫ್ಟ್ ಎರಡನ್ನೂ ಒಂದು ಹನಿ ನೀರು ಬಿದ್ದರೆ ಚುಯ್ ಅಂದು ಹಾರಿಹೋಗುವಷ್ಟು ಕಾಯಿಸಿ. ಒಳಗೆ ತೇವ ಉಳಿದರೆ ಅದು ಆವಿಯಾಗಿ ಕುದಿಯುವ ಲೋಹವನ್ನು ಮುಖಕ್ಕೇ ಎರಚುತ್ತದೆ. ಕರಗಿದ ಲೋಹಕ್ಕೆ ಒಣಕಡ್ಡಿ ಅದ್ದಿ ನೋಡಿ: ಬೇಗ ಕಂದಬೇಕು, ಹೊತ್ತಿಕೊಳ್ಳಬಾರದು. ತಣ್ಣಗಿದ್ದರೆ ಪದರ ಪದರವಾಗಿ ಕೂರುತ್ತದೆ, ಅತಿ ಕಾದರೆ ತವರ ಸುಟ್ಟುಹೋಗುತ್ತದೆ. ಬಯಲಲ್ಲೇ ಮಾಡಿ, ಹೊಗೆಯಲ್ಲಿ ಸೀಸ ಇರಬಹುದು. ನಿಲ್ಲಿಸದೆ ಒಂದೇ ಧಾರೆಯಲ್ಲಿ ಸುರಿಯಬೇಕು. ಆರಿದ ಮೇಲೆ ಶಾಫ್ಟಿಗೆ ಗುರುತು ಹಿಡಿಯುವ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಬಣ್ಣ ಅಂಟಿದ ಉಬ್ಬನ್ನು ಸ್ಕ್ರೇಪರಿನಿಂದ ಹೆರೆಯುತ್ತಾ ಹೋಗಿ. ಎಣ್ಣೆ ಹರಿಯುವ ತೋಡನ್ನು ಬೇರಿಂಗಿನ ಅಂಚಿನ ತನಕ ಕೊರೆಯಬೇಡಿ, ಎಣ್ಣೆಯೆಲ್ಲ ಹೊರಗೆ ಸೋರುತ್ತದೆ.

ಬಾಲ್ ಬೇರಿಂಗ್ ಹಾಕಿಬಿಡಿ ಅನ್ನುವವರು ಸಿಗುತ್ತಾರೆ. ತಪ್ಪೇನಿಲ್ಲ, ಆದರೆ ಶಾಫ್ಟಿನ ಎತ್ತರ ಬದಲಾದರೆ ಮೇಲಿನ ಕೆಳಗಿನ ಚಕ್ರಗಳ ಸಾಲು ತಪ್ಪುತ್ತದೆ.

ತುಕ್ಕಿನ ಸಣ್ಣ ಭಾಗಗಳಿಗೆ 20 ಲೀಟರ್ ನೀರಿಗೆ 5 ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್, ಭಾಗಕ್ಕೆ ಮೈನಸ್, ಹಳೆ ಕಬ್ಬಿಣದ ತಗಡಿಗೆ ಪ್ಲಸ್, ಒಂದು ರಾತ್ರಿ. ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹೈಡ್ರೋಜನ್ ಏಳುವುದರಿಂದ ಹತ್ತಿರ ಬೀಡಿ ಹಚ್ಚಬಾರದು. ಮೇಜಿಗೆ ಡೀಸೆಲ್ ಮತ್ತು 220 ನಂಬರಿನ ಎಮರಿ ಸಾಕು.

ಮೋಟಾರ್ 3 ಎಚ್‌ಪಿ, 1440 ಸುತ್ತಿನದು ಹಾಕಿ. ಮೋಟಾರಿಗೆ 5 ಇಂಚು, ಯಂತ್ರಕ್ಕೆ 12 ಇಂಚಿನ ಪುಲ್ಲಿ ಹಾಕಿದರೆ ಸರಿಯಾಗಿ 600 ಸುತ್ತು ಬರುತ್ತದೆ. ತ್ರೀ ಫೇಸ್ ಬೇಕಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ವಿಚಾರಿಸಿ, ಹಾಗೆಯೇ ಬ್ಯಾಂಡ್ ಸಾ ಕೂರಿಸಲು ಪರವಾನಗಿ ಬೇಕೇ ಅಂತ ಅರಣ್ಯ ಇಲಾಖೆಯಲ್ಲೂ ಕೇಳಿ. ಕೂರಿಸಿದ ಮೇಲೆ ಕೇಳುವುದಕ್ಕಿಂತ ಇದು ಅಗ್ಗ.

ಮೊದಲ ಓಟ ಬ್ಲೇಡ್ ಇಲ್ಲದೆ ಅರ್ಧ ತಾಸು. ಬೇರಿಂಗ್ ಕ್ಯಾಪಿನ ಮೇಲೆ ಅಂಗೈ ಐದು ಸೆಕೆಂಡ್ ಇಡಲಾಗದಿದ್ದರೆ ನಿಲ್ಲಿಸಿ, ಶಿಮ್ ಒಂದು ಸೇರಿಸಿ. ಚಕ್ರಗಳ ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ ಬದಲಿಸಿ. 0.7 ಮಿಮೀ ದಪ್ಪದ ಬ್ಲೇಡ್ ತನ್ನಿ, ಅದಕ್ಕಿಂತ ದಪ್ಪದ್ದು ಈ ಚಕ್ರದ ಮೇಲೆ ಬಾಗಿ ಬಾಗಿ ಬೆಸುಗೆಯ ಹತ್ತಿರ ಮುರಿಯುತ್ತದೆ. ಸ್ವಿಚ್ ಹಾಕುವ ಮೊದಲು ಮೇಲಿನ ಚಕ್ರವನ್ನು ಕೈಯಿಂದ ಇಪ್ಪತ್ತು ಸುತ್ತು ತಿರುಗಿಸಿ, ಬ್ಲೇಡ್ ನಡುವಿನಲ್ಲೇ ನಿಂತಿದೆಯಾ ನೋಡಿ. ಹಿಂದಿನ ಗೈಡ್ ಬೇರಿಂಗ್ ಬ್ಲೇಡಿಗೆ ಕಾಗದದಷ್ಟು ದೂರ ಇರಲಿ: ಮರ ತಾಗಿದಾಗ ಮಾತ್ರ ಅದು ತಿರುಗಬೇಕು.