ಮಗಳ ಜೊತೆ ‘ಲೈಫ್ ಆಫ್ ಪೈ’ ನೋಡಬಹುದಾ?

ಮಗಳಿಗೆ 8 ವರ್ಷ, ‘ಲೈಫ್ ಆಫ್ ಪೈ’ ಸಿನಿಮಾ ತೋರಿಸಿದರೆ ಹೆದರುತ್ತಾಳಾ ಅಂತ ಕೇಳಿದ್ದೀರಿ. ಖಂಡಿತ ತೋರಿಸಿ, ಆದರೆ ಪಕ್ಕದಲ್ಲೇ ಕೂತಿರಿ. ಶುರುವಿನಲ್ಲೇ, ಪಾಂಡಿಚೇರಿಯ ಮೃಗಾಲಯದಲ್ಲಿ, ಹುಲಿ ಎಂಥದ್ದು ಅಂತ ಮಗ ಪೈಗೆ ಗೊತ್ತಾಗಲಿ ಎಂದು ಅಪ್ಪ ಬೋನಿನ ಕಂಬಿಗೆ ಆಡು ಕಟ್ಟಿಸುತ್ತಾನೆ. ಮೃಗಾಲಯದ ಪ್ರಾಣಿಗಳ ಜೊತೆ ಮನೆಯವರು ಹೊರಟ ಹಡಗು ಮುಳುಗಿದ ಮೇಲೆ, ಪೈ ಪಾರಾದ ದೋಣಿಯಲ್ಲಿ ಕತ್ತೆಕಿರುಬ ಜೀಬ್ರಾ ಮೇಲೆ ಎರಗುತ್ತದೆ. ರಕ್ತ ಜಾಸ್ತಿ ಕಾಣಲ್ಲ, ಆದರೂ ಆ ಸದ್ದಿಗೇ ನನ್ನ ಅಕ್ಕನ ಮಗ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದ. ಹುಲಿಯನ್ನು ಬಹುತೇಕ ಕಂಪ್ಯೂಟರಿನಲ್ಲಿ ಮಾಡಿದ್ದು ಅಂತ ಮೊದಲೇ ಹೇಳಿಬಿಡಿ.

ಅಷ್ಟು ದಾಟಿದರೆ ಕಣ್ಣಿಗೆ ಹಬ್ಬ. ರಾತ್ರಿ ಕಡಲೆಲ್ಲ ನೀಲಿ ಹಸಿರಾಗಿ ಮಿನುಗುತ್ತಿರುವಾಗ ಪೈ ಸುಮ್ನೆ ನೀರಲ್ಲಿ ಕೈ ಆಡಿಸುತ್ತಾನೆ, ಅಷ್ಟರಲ್ಲಿ ಕೆಳಗಿನಿಂದ ತಿಮಿಂಗಿಲ ಚಿಮ್ಮಿ ಅವನ ಊಟದ ಸಾಮಾನೆಲ್ಲ ನೀರುಪಾಲು. 2013ರಲ್ಲಿ ಛಾಯಾಗ್ರಹಣ, ನಿರ್ದೇಶನ ಸೇರಿ 4 ಆಸ್ಕರ್ ಬಂದಿದ್ದು ಸುಮ್ನೆ ಅಲ್ಲ. ಶುರುವಿಗೆ ಬರುವ ಬಾಂಬೆ ಜಯಶ್ರೀ ಅವರ ತಮಿಳು ಜೋಗುಳವನ್ನಂತೂ ತಪ್ಪಿಸಿಕೊಳ್ಳಬೇಡಿ.

ಕೃಷ್ಣ, ಏಸು, ಅಲ್ಲಾ ಮೂವರನ್ನೂ ನಂಬುವ ಹುಡುಗ ಅವನು. ಮಕ್ಕಳಿಗೆ ಅದು ವಿಚಿತ್ರ ಅನ್ನಿಸುವುದೇ ಇಲ್ಲ, ದೊಡ್ಡವರಿಗೇ ಗೊಂದಲ.

ಕೊನೆಗೆ ಆಸ್ಪತ್ರೆಯಲ್ಲಿ, ದೋಣಿಯಲ್ಲಿ ನಡೆದದ್ದನ್ನೇ ಬೇರೆ ಥರ ಮಾಡಿ ಅವನು ಹೇಳುವ ಎರಡನೇ ಕಥೆ ತುಂಬಾ ಕ್ರೂರ. ಆದರೆ ಅದನ್ನು ತೋರಿಸಲ್ಲ, ಬರೀ ಬಾಯಿಮಾತು. ಯಾವುದು ನಿಜ ಅಂತ ಅವಳು ಕೇಳಿದರೆ ಉತ್ತರ ಕೊಡಬೇಡಿ, ನಿನಗೆ ಯಾವುದು ಇಷ್ಟ ಆಯ್ತು ಅಂತ ಕೇಳಿ.