ಪ್ರತಿಕ್ರಿಯೆ: ಪ್ರಿಂಟ್‌ಎಫ್ ಸೇರಿಸಿದರೆ ಹೆಸರು ಕಸವಾಗುವುದು ಯಾಕೆ?

ನಿಮ್ಮ ಸಿ ಪ್ರೋಗ್ರಾಂನಲ್ಲಿ ಪ್ರಿಂಟ್‌ಎಫ್ (ಪರದೆಯ ಮೇಲೆ ಬರೆಯುವ ಫಂಕ್ಷನ್) ಸೇರಿಸಿದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ ಅಂದಿರಿ. ತಪ್ಪು ಪ್ರಿಂಟ್‌ಎಫ್‌ನಲ್ಲಿಲ್ಲ, ಅದಕ್ಕೂ ಮುಂಚೆಯೇ ಆಗಿಹೋಗಿದೆ. ಫಂಕ್ಷನ್ ಒಳಗೆ 64 ಬೈಟ್‌ಗಳ ಬಫರ್ (ಅಕ್ಷರಗಳನ್ನು ಇಡುವ ಮೆಮೊರಿ ಜಾಗ) ಮಾಡಿ, ಅದರ ವಿಳಾಸವನ್ನು ಹಲವು ಮೌಲ್ಯಗಳನ್ನು ಒಟ್ಟಿಗೆ ಕಟ್ಟಿಡುವ ಸ್ಟ್ರಕ್ಟ್‌ನಲ್ಲಿ ಹಾಕಿ ವಾಪಸ್ ಕೊಡುತ್ತಿದ್ದೀರಿ ಅಲ್ವಾ? ಆ ಬಫರ್ ಇರುವುದು ಫಂಕ್ಷನ್‌ಗಳು ಓಡುವಾಗ ತಾತ್ಕಾಲಿಕವಾಗಿ ಬಳಸುವ ಮೆಮೊರಿಯಾದ ಸ್ಟ್ಯಾಕ್‌ನಲ್ಲಿ. ಫಂಕ್ಷನ್ ಮುಗಿದ ಕೂಡಲೇ ಆ ಜಾಗ ನಿಮ್ಮದಲ್ಲ. ಆದರೆ ಯಾರೂ ಅದನ್ನು ಒರೆಸಿ ಹೋಗುವುದಿಲ್ಲ. ಹಾಗಾಗಿ ಹಳೆಯ ಅಕ್ಷರಗಳು ಸ್ವಲ್ಪ ಹೊತ್ತು ಅಲ್ಲೇ ಬಿದ್ದಿರಬಹುದು, ಪ್ರೋಗ್ರಾಂ ಸರಿಯಿದೆ ಎಂದು ಅನಿಸುತ್ತದೆ. ಮುಂದೆ ಪ್ರಿಂಟ್‌ಎಫ್ ಕರೆದಾಗ ಅದೂ ಅದೇ ಜಾಗ ಬಳಸುತ್ತದೆ. ನಿಮ್ಮ ಹೆಸರಿನ ಮೇಲೆ ತನ್ನ ಲೆಕ್ಕ ಬರೆದುಕೊಳ್ಳುತ್ತದೆ.

ಸುಮ್ನೆ ನನ್ನ ಮಾತು ನಂಬಬೇಡಿ. ಜಿಡಿಬಿಯಲ್ಲಿ (ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಸಾಧನ) ಪ್ರಿಂಟ್‌ಎಫ್ ಸಾಲಿಗೆ ಬ್ರೇಕ್‌ಪಾಯಿಂಟ್ (ನಿಲ್ಲುವ ಗುರುತು) ಇಟ್ಟು ಆ ವಿಳಾಸದ ಬೈಟ್‌ಗಳನ್ನು ನೋಡಿ. ಒಂದು ಸಾಲು ಮುಂದೆ ಹೋಗಿ ಮತ್ತೆ ನೋಡಿ. ಕಣ್ಣೆದುರೇ ಬದಲಾಗಿರುತ್ತದೆ. ನನಗೆ ಸ್ಟ್ಯಾಕ್ ಅರ್ಥವಾಗಿದ್ದು ಪಾಠದಿಂದಲ್ಲ, ಹೀಗೆ ಇಣುಕಿದ್ದರಿಂದ.

ಸರಿಪಡಿಸಲು ಬಫರ್ ಅನ್ನು, ಫಂಕ್ಷನ್ ಮುಗಿದರೂ ಉಳಿಯುವ ಮೆಮೊರಿ ಕೊಡುವ ಮ್ಯಾಲಾಕ್‌ನಿಂದ ಪಡೆಯಿರಿ, ಕೆಲಸ ಮುಗಿದ ಮೇಲೆ ಫ್ರೀ ಮಾಡಿ (ಆ ಜಾಗ ವಾಪಸ್ ಕೊಡಿ). ಇಲ್ಲವೇ ಫಂಕ್ಷನ್ ಕರೆಯುವವರೇ ಬಫರ್ ಕೊಡಲಿ. ನನಗೆ ಎರಡನೆಯದೇ ಇಷ್ಟ, ಯಾರು ಫ್ರೀ ಮಾಡಬೇಕು ಎಂಬ ಜಗಳವೇ ಇರುವುದಿಲ್ಲ.

ಇನ್ನು, ಸಿ ಬಿಟ್ಟು ನೇರ ರಸ್ಟ್ ಭಾಷೆ ಕಲಿಯಲಾ ಅಂದಿರಿ. ಮಾಮೂಲಿಯಾಗಿ ಬರೆದರೆ ಈ ತಪ್ಪನ್ನು ರಸ್ಟ್ ಕಂಪೈಲ್ ಮಾಡಲು ಬಿಡುವುದೇ ಇಲ್ಲ, ನಿಜ. ಆದರೆ ಯಾಕೆ ಬಿಡಲ್ಲ ಎಂದು ತಿಳಿಯಲು ಈ ಸ್ಟ್ಯಾಕ್ ಕಥೆಯೇ ಬೇಕು. ಈ ಸೆಮಿಸ್ಟರ್ ಸಿ ಮುಗಿಸಿ. ಆಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂನ ಕೋಡ್ ಓದಿ, ಒಂದು ಸಿಸ್ಟಂ ಕಾಲ್ (ಪ್ರೋಗ್ರಾಂಗಳು ಆಪರೇಟಿಂಗ್ ಸಿಸ್ಟಂನಿಂದ ಕೆಲಸ ಕೇಳುವ ದಾರಿ) ಸೇರಿಸಿ ನೋಡಿ.